ಗಂಟೆಯ ಕ್ಯಾಸೆಟ್

ಡ್ರೈವರ್ ಗೇರು ಬದಲಿಸಿದಾಗಲೆಲ್ಲ ಸೀಟಿನ ಕೆಳಗಿನ ತಗಡು ದಡದಡ ದಡದಡ ಎಂದು ಬಡಿದುಕೊಳ್ಳುತ್ತದೆ, ಎರಡು ಕಾಲಿನಿಂದ ಎರಡು ಡ್ರಮ್ಮು ಒಟ್ಟಿಗೆ ಬಾರಿಸಿದ ಹಾಗೆ, ಥ್ರ್ಯಾಶ್, ಒಳ್ಳೆಯ ಥ್ರ್ಯಾಶ್ ಸಂಗೀತ, ಎಂದುಕೊಂಡ ಜಸ್ನಾ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು — ಇವತ್ತೊಂದು ದಿನವಾದರೂ ಸುಮ್ಮನಿರಬಾರದೇ ಈ ಹಾಳು ಕಿವಿ, ಗೆಳತಿಯ ಸಂಸಾರ ಮುರಿದು ಬೀಳುವ ಹೊತ್ತಿನಲ್ಲೂ ಇದಕ್ಕೆ ಡ್ರಮ್ಮಿನದೇ ಚಿಂತೆ. ವಗ್ಗ, ವಗ್ಗ, ದುಂಬು ಪೋಲೆ, ಮುಂದೆ ಹೋಗಿ, ಎಂದು ಕಂಡಕ್ಟರ್ ಕೂಗುತ್ತಾನೆ, ಧರ್ಮಸ್ಥಳಕ್ಕೆ ಹೊರಟ ಬಯಲುಸೀಮೆಯ ಗುಂಪೊಂದು ಮುಂದೆ ಸರಿಯದೆ ಬಾಗಿಲಲ್ಲೇ ನಿಂತಿದೆ, ಪಕ್ಕದಲ್ಲಿ ನಫೀಸಮ್ಮ ತಸ್‌ಬೀಹಿನ ಮಣಿಗಳನ್ನು ಒಂದೊಂದಾಗಿ ಜಾರಿಸುತ್ತಿದ್ದಾರೆ, ಮುಂದಿನ ಸೀಟಿನಲ್ಲಿ ಅವರ ಮಗಳು ಜುಲೈಕಾ, ಅವಳ ಹೆಗಲ ಮೇಲಿನಿಂದ ಎಂಟು ತಿಂಗಳ ಆಫ್ರಾ ಇತ್ತ ನೋಡಿ ಎರಡೇ ಎರಡು ಹಲ್ಲು ತೋರಿಸಿ ನಗುತ್ತಿದೆ. ನಗಬೇಡ ಮಗೂ, ನನ್ನನ್ನು ನೋಡಿ ನಗಬೇಡ, ನಿನ್ನ ಉಪ್ಪ ಹನೀಫಾ ಸೌದಿಯ ದಮ್ಮಾಮಿನಿಂದ ಹೇಳದೆ ಕೇಳದೆ ಬಂದು ಬೆಳ್ತಂಗಡಿಯ ತನ್ನ ಮನೆಯಲ್ಲಿ ಕೂತು ಹದಿನೈದು ದಿನವಾಯಿತು, ಪಾಣೆಮಂಗಳೂರಿಗೆ ಬಂದು ನಿನ್ನ ಮುಖ ಕೂಡ ನೋಡಲಿಲ್ಲ, ಇವತ್ತು ಹನ್ನೊಂದು ಗಂಟೆಗೆ ಹಿರಿಯರನ್ನು ಕೂರಿಸಿ ನಿನ್ನ ಉಮ್ಮನಿಗೆ ತಲಾಖ್ ಹೇಳುತ್ತಾನಂತೆ, ಕಾರಣ ಒಂದು ಕ್ಯಾಸೆಟ್, ರೆಕಾರ್ಡ್ ಮಾಡಿದವಳೆಂದು ಸಾಕ್ಷಿಗೆ ನನ್ನನ್ನೂ ಕರೆಸಿದ್ದಾರೆ, ಅದರಲ್ಲಿ ನಿನ್ನ ಉಮ್ಮನ ಮಾತು ಮುಗಿದ ಮೇಲೆ ಒಬ್ಬ ಗಂಡಸು ಉಸಿರು ಬಿಡುತ್ತಾನಂತೆ. ಅಂತೆ ಏನು ಬಂತು, ಬಿಡುತ್ತಾನೆ. ನಾಲ್ಕು ಉಸಿರು, ಆಮೇಲೆ ಏನೋ ಪಿಸುಗುಟ್ಟುತ್ತಾನೆ. ಆ ಗಂಡಸು ಯಾರೆಂದು ಈ ಬಸ್ಸಿನಲ್ಲಿ, ಇಡೀ ಬಂಟ್ವಾಳ ತಾಲೂಕಿನಲ್ಲಿ ಜಸ್ನಾಳೊಬ್ಬಳಿಗೇ ಗೊತ್ತು, ಅವನು ಪಾಣೆಮಂಗಳೂರನ್ನು ಕನಸಿನಲ್ಲೂ ಕಂಡವನಲ್ಲ, ಯಾವುದೋ ಚಳಿಯ ದೇಶದ ಹಾಡುಗಾರ, ಅವನನ್ನು ಆ ಕ್ಯಾಸೆಟ್ಟಿನೊಳಗೆ ಉಳಿಸಿದವಳು ಅವಳೇ. ಹದಿನೈದು ದಿನದಿಂದ ಅದು ಬಾಯಿಗೆ ಬರುತ್ತದೆ, ಹೆದರಿಕೆಯಿಂದ ನುಂಗಿಕೊಳ್ಳುತ್ತಾಳೆ.

ಕ್ಯಾಸೆಟ್ ಕಾಗದ, ಓಣಿಯ ಹೆಂಗಸರ ಬಾಯಲ್ಲಿ ಅದರ ಹೆಸರು ಅದೇ, ಗಂಡ ಗಲ್ಫಿನಲ್ಲಿ, ಬರೆಯಲು ಬರುವುದಿಲ್ಲ, ಬೂತಿನಿಂದ ಫೋನು ಮಾಡುವ ಎಂದರೆ ಹಿಂದೆ ನಾಲ್ಕು ಮಂದಿ ಸಾಲಿನಲ್ಲಿ ನಿಂತು ಕಿವಿ ಕೊಟ್ಟಿರುತ್ತಾರೆ, ಆದ್ದರಿಂದ ಎಲ್ಲರೂ ಜಸ್ನಾಳ ಮನೆಗೆ, ಅವಳ ಅಣ್ಣ ನಿಝಾಮ್ ದುಬೈಯಿಂದ ಕಳಿಸಿದ ದೊಡ್ಡ ಟೇಪ್ ರೆಕಾರ್ಡರಿನ ಮುಂದೆ. ಕೆಂಪು ಗುಂಡಿ ಒತ್ತಿ ಜಸ್ನಾ ಹೊರಗೆ ಹೋಗುತ್ತಾಳೆ, ಅದು ಅವಳೇ ಮಾಡಿಕೊಂಡ ನಿಯಮ, ಬಾಗಿಲು ಎಳೆದುಕೊಂಡು ಅಂಗಳದಲ್ಲಿ ಬೀಡಿ ಕಟ್ಟುತ್ತಾ ಕೂರುತ್ತಾಳೆ, ಒಳಗೆ ಐಸಮ್ಮನಂಥವರು ಗಂಡನಿಗೆ ಬೈಯುವುದು ಗೋಡೆ ದಾಟಿ ಕೇಳುತ್ತದೆ, ಬೇರೆಯವರು ಅಳುವುದು ಕೇಳುವುದಿಲ್ಲ. ಆ ಗಂಡ ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಉತ್ತರ ಹೇಳಿ ಊರಿಗೆ ಬರುವವರ ಕೈಯಲ್ಲಿ ವಾಪಸು ಕಳಿಸುತ್ತಾನೆ, ಒಂದೊಂದು ಕ್ಯಾಸೆಟ್ ನಾಲ್ಕೈದು ಸಲ ಸಮುದ್ರ ದಾಟಿದ್ದುಂಟು. ಖಾಲಿ ಕ್ಯಾಸೆಟ್ ಯಾರು ತರುತ್ತಾರೆ, ನಿಝಾಮ್ ಬಿಟ್ಟು ಹೋದ ಪೆಟ್ಟಿಗೆಯೇ ಗತಿ, ಅಂಗಡಿಯ ಹಾಡಿನ ಕ್ಯಾಸೆಟ್ಟಿಗೆ ನೆತ್ತಿಯ ಮೂಲೆಯಲ್ಲಿ ಒಂದು ತೂತು ಇರುತ್ತದೆ, ಹಾಡನ್ನು ಯಾರೂ ಅಳಿಸದಿರಲಿ ಎಂದು ಮಾಡಿಟ್ಟದ್ದು, ಅದನ್ನು ಮುಚ್ಚಿದರೆ ಮಾತ್ರ ಕೆಂಪು ಗುಂಡಿ ಕೆಳಗೆ ಕೂರುತ್ತದೆ, ಜಸ್ನಾ ಅದನ್ನು ಬೀಡಿ ಎಲೆಯಿಂದ ಮುಚ್ಚುತ್ತಾಳೆ, ಒದ್ದೆ ಎಲೆಯ ಚೂರನ್ನು ನಾಲ್ಕು ಮಡಿಕೆ ಮಾಡಿ, ಬೀಡಿಯ ಬಾಯಿ ಮಡಚುವ ಕಡ್ಡಿಯಿಂದಲೇ ಒತ್ತಿ ತುರುಕುತ್ತಾಳೆ, ಒಣಗಿದ ಮೇಲೆ ಅದು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಕಂದು ಬಣ್ಣದ ಒಂದು ಹಲ್ಲಿನ ಹಾಗೆ. ಇನ್ನೊಂದು ನಿಯಮ, ಮಾತು ಮುಗಿದ ಮೇಲೂ ಯಂತ್ರವನ್ನು ಓಡಲು ಬಿಟ್ಟು ಉಳಿದ ಟೇಪಿನಲ್ಲಿ ಮೌನ ತುಂಬಬೇಕು, ಇಲ್ಲದಿದ್ದರೆ ಹೆಂಗಸು ಸಲಾಮ್ ಹೇಳಿದ ಹಿಂದೆಯೇ ಹಳೆಯ ಹಾಡು ಎದ್ದು ಬರುತ್ತದೆ. ಐಸಮ್ಮನದಕ್ಕೆ ತುಂಬಿದ್ದಳು, ಓಣಿಯ ಕೊನೆಯ ಮನೆಯವರದಕ್ಕೆ ತುಂಬಿದ್ದಳು, ಎಲ್ಲದಕ್ಕೂ. ಜುಲೈಕಾಳ ಒಂದೇ ಒಂದು ಕಾಗದಕ್ಕೆ ತುಂಬಲಿಲ್ಲ.

ಬಸ್ಸು ತಿರುವಿನಲ್ಲಿ ವಾಲಿತು, ನಫೀಸಮ್ಮನ ಮಣಿಗಳು ಜಸ್ನಾಳ ಮೊಣಕೈಗೆ ತಾಗಿದವು, ತಣ್ಣಗೆ — ಯಾವ ಹಾಡಿನ ಮೇಲೆ ಯಾರ ಕಾಗದ ಎಂದು ತೀರ್ಮಾನ ಮಾಡುವವಳು ಅವಳೇ, ದೊಡ್ಡ ನ್ಯಾಯಾಧೀಶೆಯ ಹಾಗೆ. ನಿಝಾಮ್ ಮೂಡಬಿದಿರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಓದಿದ್ದು ಬಿಕಾಂ, ಕಲಿತು ಬಂದದ್ದು ಹೆವಿ ಮೆಟಲ್ ಸಂಗೀತ, ಕೋಣೆಯ ಜೊತೆಗಾರ ಶಿಲ್ಲಾಂಗಿನವನಂತೆ, ಗಿಟಾರ್ ಇಟ್ಟುಕೊಂಡಿದ್ದನಂತೆ, ತೊಂಬತ್ತೈದರಲ್ಲಿ ವೀಸಾ ಬಂದು ನಿಝಾಮ್ ಹೊರಟಾಗ ಮೂವತ್ತೊಂದು ಕ್ಯಾಸೆಟ್ ತಂಗಿಯ ಕೈಗೆ ಬಂತು, ಕವರಿಲ್ಲ, ಹೆಸರಿಲ್ಲ, ಒಂದೊಂದರ ಬೆನ್ನಿಗೂ ಚೀಟಿ ಅಂಟಿಸಿ ಯಾವ ಜಾತಿಯದೆಂದು ಮಾತ್ರ ಬರೆದಿದ್ದ, ಗ್ಲಾಮ್, ಥ್ರ್ಯಾಶ್, ಪವರ್, ಡೆತ್, ಬ್ಲ್ಯಾಕ್, ಡೂಮ್. ಇದನ್ನೆಲ್ಲ ಉಮ್ಮನಿಗೆ ತೋರಿಸ್ಬೇಡ, ಹೆಡ್‌ಫೋನಿನಲ್ಲಿ ಕೇಳು, ಎಂದಿದ್ದ. ಉಮ್ಮ ಆಸ್ಯಮ್ಮನಿಗೆ ಒಂದು ಕಿವಿ ಮಂದ, ಇನ್ನೊಂದು ಕಿವಿ ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿನ ಗಾಸಿಪ್ಪಿಗೆ ಮೀಸಲು, ಜಸ್ನಾ ತಲೆಯ ಮೇಲಿನ ವೇಲಿನ ಒಳಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೊರ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟುತ್ತಾ ಕೇಳಿದಳು, ಮೊದಲ ವಾರ ತಲೆನೋವು, ಎರಡನೆಯ ವಾರ ಕುತೂಹಲ, ಮೂರನೆಯ ವಾರದಿಂದ ಅದಿಲ್ಲದೆ ಕೈ ಓಡುವುದಿಲ್ಲ. ಗ್ಲಾಮ್ ಜಾತಿಯವು ಅವಳಿಗೆ ಮೊದಲ ದಿನದಿಂದಲೇ ಆಗಲಿಲ್ಲ, ಹುಡುಗಿ ಬಿಟ್ಟು ಹೋದಳೆಂದು ಗಂಡಸರು ಅಷ್ಟು ಚಂದ ಮಾಡಿಕೊಂಡು ಅಳಬಾರದು, ಅವನ್ನೆಲ್ಲ ಐಸಮ್ಮನ ಬೈಗುಳಕ್ಕೆ ಅರ್ಪಿಸಿದಳು, ಐಸಮ್ಮನ ಸ್ವರವೇ ಎಷ್ಟೋ ವಾಸಿ. ಪವರ್ ಎಂದು ಬರೆದ ಮೂರರಲ್ಲಿ ಹಾಡುವವನು ಬೆಟ್ಟದ ತುದಿಗೆ ಹತ್ತಿ ಕೂಗುತ್ತಾನೆ, ಯುದ್ಧಕ್ಕೆ ಹೊರಟವನ ಗತ್ತು, ಆದರೆ ಹೊರಡುವ ಮುಂಚೆ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು ಬಂದವನೇ ಸೈ, ರಾಗವೇನೋ ಒಳ್ಳೆಯದೇ, ಎರಡನ್ನು ಅಳಿಸಿ ಒಂದನ್ನು ಉಳಿಸಿದಳು. ಥ್ರ್ಯಾಶ್ ಮಾತ್ರ ಕೆಲಸದವರ ಸಂಗೀತ, ಸಿಟ್ಟಿಗೂ ಒಂದು ಲೆಕ್ಕ ಉಂಟು, ಗಿಟಾರು ಗರಗಸದ ಹಾಗೆ ಹೋಗಿ ಬರುತ್ತದೆ, ಎಳೆದಷ್ಟೂ ಕೊಯ್ಯುತ್ತದೆ, ಹಸಿರು ಚೀಟಿಯ ಥ್ರ್ಯಾಶ್ ಹಾಕಿದ ದಿನ ಸಂಜೆಯೊಳಗೆ ಸಾವಿರ ಬೀಡಿ ಖಂಡಿತ, ಅದರ ಎರಡನೇ ಬದಿಯಲ್ಲಿ ಅವರಿಗೆ ಆಯಾಸವಾದದ್ದು ಕೇಳುತ್ತದೆ, ಅಲ್ಲಿ ಅವಳ ದಾರವೂ ಸಡಿಲವಾಗುತ್ತದೆ.

ಪುಂಜಾಲಕಟ್ಟೆ, ಯಾರೋ ಇಳಿದರು, ಯಾರೋ ಹತ್ತಿದರು, ಜುಲೈಕಾ ತಿರುಗಿ ನೋಡಲಿಲ್ಲ, ಅವಳ ಕುತ್ತಿಗೆ ಎಷ್ಟು ಸಪೂರವಾಗಿದೆ ಈಗ. ಡೆತ್ ಆಗಿದ್ದರೆ, ಯಾ ಅಲ್ಲಾಹ್, ಆ ಕಾಗದದ ಅಡಿಯಲ್ಲಿ ಡೆತ್ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ, ಅಲ್ಲಿ ಹಾಡುವವನ ಸ್ವರ ಗಂಟಲಿನಿಂದ ಬರುವುದಲ್ಲ, ಹೊಟ್ಟೆಯಿಂದ ಬರುವುದು, ತೆಂಗಿನಕಾಯಿ ಚೂರು ಸಿಕ್ಕಿಹಾಕಿಕೊಂಡ ರುಬ್ಬುವ ಯಂತ್ರದ ಹಾಗೆ, ಹನೀಫಾ ಕೇಳಿದ್ದರೆ ಟೇಪ್ ಹಾಳಾಗಿದೆ ಎಂದುಕೊಂಡು ಬಿಡುತ್ತಿದ್ದ, ಅದನ್ನು ಗಂಡಸು ಎಂದು ಯಾವ ಗಂಡನೂ ಸಂಶಯಪಡಲಾರ. ಅವಳಿಗೆ ಡೆತ್ ಜಾತಿಯ ಮೇಲೆ ಗೌರವ ಉಂಟು, ಹೆದರಿಸಲಿಕ್ಕೆಂದು ಬಂದವರು ಅಷ್ಟು ಶುದ್ಧವಾಗಿ ಡ್ರಮ್ಮು ಬಾರಿಸಬೇಕಿರಲಿಲ್ಲ. ಬ್ಲ್ಯಾಕ್ ಆಗಿದ್ದರೂ ಆಗುತ್ತಿತ್ತು, ತಗಡಿನ ಡಬ್ಬಿಯೊಳಗೆ ಕೂತು ನುಡಿಸಿದ ಹಾಗೆ ಬರೀ ಸುಂಯ್ ಎನ್ನುವ ಗದ್ದಲ, ಅದರಲ್ಲಿ ಚಳಿ ಇದೆ ಎಂದು ನಿಝಾಮ್ ಹೇಳುತ್ತಿದ್ದ, ಏಪ್ರಿಲಿನ ಪಾಣೆಮಂಗಳೂರಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಅವಳು ಆ ಚಳಿಯನ್ನು ತುಂಬ ಹುಡುಕಿದಳು, ಸಿಗಲಿಲ್ಲ, ಸಿಕ್ಕಿದ್ದು ದೇವರನ್ನು ದ್ವೇಷಿಸುತ್ತೇವೆಂದು ಮತ್ತೆ ಮತ್ತೆ ಹೇಳಿಕೊಳ್ಳುವ ಹುಡುಗರು, ಅಷ್ಟು ಸಲ ಹೇಳುವುದಿದ್ದರೆ ಅದು ದ್ವೇಷವಲ್ಲ, ಮೀಸೆ ಬಂದದ್ದನ್ನು ತೋರಿಸಿಕೊಳ್ಳುವ ಆಸೆ ಎಂದು ಅವಳ ಅಭಿಪ್ರಾಯ. ಆದರೂ ಅದನ್ನು ಕೇಳಿದ ದಿನ ಎರಡು ರಕಾತ್ ಹೆಚ್ಚು ನಮಾಜು ಮಾಡಿದ್ದಾಳೆ, ರಂಜಾನಿನಲ್ಲಿ ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನೂ ತೆಗೆದಿಟ್ಟಿದ್ದಾಳೆ. ಈ ಎಲ್ಲ ಅಭಿಪ್ರಾಯವನ್ನು ಇಟ್ಟುಕೊಂಡು ಏನು ಮಾಡುವುದು, ಯಾರಿಗೆ ಹೇಳುವುದು, ನಿಝಾಮ್ ಈಗ ದುಬೈಯಲ್ಲಿ ಸೂಪರ್ ಮಾರ್ಕೆಟಿನ ಗೋಡೌನಿನಲ್ಲಿದ್ದಾನೆ, ಕಳೆದ ಸಲ ಫೋನಿನಲ್ಲಿ ಡೂಮ್‌ನದು ಕೇಳಿದೆಯಾ ಎಂದರೆ, ಅದೆಲ್ಲ ಬಿಟ್ಟೆ ಮಾರಾಯ್ತಿ, ನಿನಗೆ ಇನ್ನೂ ಅದೇ ಹುಚ್ಚಾ, ಎಂದು ನಕ್ಕ. ಆ ನಗು ಅವಳಿಗೆ ಚುಚ್ಚಿತು. ಮೂವತ್ತೊಂದು ಕ್ಯಾಸೆಟ್ಟಿನ ಊರಿನಲ್ಲಿ ಅವಳೊಬ್ಬಳೇ ಉಳಿದಳು.

ಡೂಮ್ ಒಂದೇ ಇತ್ತು, ಅವಳು ಅದನ್ನು ಕರೆಯುವುದು ಗಂಟೆಯದು ಎಂದು. ಎಲ್ಲ ಜಾತಿಯವರೂ ಎಲ್ಲಿಗೋ ಓಡುತ್ತಿರುವಾಗ ಇದು ಮಾತ್ರ ನಡೆಯುತ್ತದೆ, ಅದೂ ತಲೆಯ ಮೇಲೆ ಹೊರೆ ಹೊತ್ತವರ ನಡಿಗೆ, ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಒಂದು ಬೀಡಿಯನ್ನು ಪೂರ್ತಿ ಸುತ್ತಬಹುದು, ಮೊದಲ ಬದಿಯ ನಾಲ್ಕನೇ ಹಾಡು ಶುರುವಾಗುವುದು ಹಾಡಿನಿಂದಲ್ಲ, ಒಬ್ಬ ಮನುಷ್ಯನ ಉಸಿರಿನಿಂದ, ನಾಲ್ಕು ಉಸಿರು, ಕಿವಿಯ ಹತ್ತಿರ, ಎಷ್ಟು ಹತ್ತಿರವೆಂದರೆ ಮೊದಲ ಸಲ ಅವಳು ಹೆಡ್‌ಫೋನು ಕಿತ್ತು ಹಿಂದೆ ತಿರುಗಿ ನೋಡಿದ್ದಳು, ಆಮೇಲೆ ಒಂದು ಪಿಸುಮಾತು, ಯಾವ ಭಾಷೆಯೋ, ಅರ್ಥ ಬೇಕಾಗಿಯೂ ಇಲ್ಲ, ಆಮೇಲೆ ಮೂರು ಸಲ ಗಂಟೆ, ಮೂರನೆಯದು ಒಡಕು. ಇಪ್ಪತ್ತನಾಲ್ಕು ವರ್ಷವಾಯಿತು ಅವಳಿಗೆ, ಉಪ್ಪ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡರು, ಅಣ್ಣ ದೂರ, ಬಂದ ಸಂಬಂಧಗಳು ಬಂದ ದಾರಿಯಲ್ಲೇ ಹೋದವು, ಅಷ್ಟು ಹತ್ತಿರ ಬಂದು ಅವಳ ಕಿವಿಯಲ್ಲಿ ಮಾತಾಡಿದ ಗಂಡಸು ಅವನೊಬ್ಬನೇ, ಇದನ್ನು ಹೇಳಿಕೊಂಡರೆ ಜನ ಏನೆಂದಾರು, ಆದರೆ ಸುಳ್ಳಲ್ಲವಲ್ಲ. ಅಂಥದ್ದನ್ನು ಜುಲೈಕಾಳ ಕಾಗದಕ್ಕೆ ಯಾಕೆ ಕೊಟ್ಟಳು? ಜುಲೈಕಾಳ ಸ್ವರ ಹತ್ತಿಯಷ್ಟು ಮೆತ್ತಗೆ, ಮೊದಲ ಕಾಗದ ಕಳಿಸಿದಾಗ ಹನೀಫಾ ಉತ್ತರದಲ್ಲಿ ಹೇಳಿದ್ದ, ನಿನ್ನ ಮಾತು ಕೇಳುವುದೇ ಇಲ್ಲ, ಬರೀ ಸುಂಯ್ ಅಂತ ಉಂಟು, ಅದನ್ನು ಕೇಳಿ ಜುಲೈಕಾ ಅತ್ತಿದ್ದಳು, ಪೆಟ್ಟಿಗೆಯಲ್ಲಿ ಒಳ್ಳೆಯ ಟೇಪ್ ಎಂದರೆ ಗಂಟೆಯದೊಂದೇ, ಹೊರದೇಶದ ದಪ್ಪ ಪ್ಲಾಸ್ಟಿಕ್ಕು, ಸೂಜಿ ಬಿದ್ದರೂ ಹಿಡಿಯುವಂಥದ್ದು. ಆಗಲಿ ಎಂದು ಎದೆ ಗಟ್ಟಿ ಮಾಡಿ ಚೀಟಿ ಕಿತ್ತು, ಬಿಳಿ ಕಾಗದ ಅಂಟಿಸಿ, ಎಲೆ ಮಡಚಿ ಮೂಲೆಯ ತೂತಿಗೆ ತುರುಕಿದಳು, ಉಮ್ಮ ಬ್ರಾಂಚಿಗೆ ಹೋಗಿದ್ದರು, ಅವಳು ಅಂಗಳದಲ್ಲಿ ಕೂತಳು, ಒಳಗೆ ಜುಲೈಕಾ ಇಪ್ಪತ್ತೊಂದು ನಿಮಿಷ ಮಾತಾಡಿದಳು. ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದು, ಆಯ್ತು, ಎಂದು ಹೇಳಿ ಮಗು ಎದ್ದಿರಬಹುದೆಂದು ಓಡಿದಳು. ಜಸ್ನಾ ಒಳಗೆ ಹೋದಳು. ಯಂತ್ರ ಓಡುತ್ತಿತ್ತು. ಕೌಂಟರಿನ ಅಂಕಿ ನೋಡಿದಳು, ಮೂರು ಹಾಡು ಅಳಿಸಿ ಹೋಗಿದ್ದವು, ಇನ್ನೇನು ಆ ನಾಲ್ಕು ಉಸಿರು ಬರುವ ಜಾಗ, ಸುಮ್ಮನೆ ನಿಂತಿದ್ದರೆ ಸಾಕಿತ್ತು, ಮೌನ ತಾನಾಗಿ ತುಂಬುತ್ತಿತ್ತು. ಅವಳು ನಿಲ್ಲಿಸುವ ಗುಂಡಿ ಒತ್ತಿದಳು. ಕ್ಯಾಸೆಟ್ ಹೇಗೂ ವಾಪಸು ಬರುತ್ತದೆ, ಹಾಡು ಉಳಿಯಲಿ, ಸಲಾಮ್ ಹೇಳಿದ ಮೇಲೆ ಹನೀಫಾ ಯಾಕೆ ಮುಂದೆ ಕೇಳುತ್ತಾನೆ, ಎಂದು ಸಮಾಧಾನ ಹೇಳಿಕೊಂಡಳು.

ಅದು ಸಹ ಪೂರ್ತಿ ನಿಜವಲ್ಲ, ಜಸ್ನಾ, ಪೂರ್ತಿ ಹೇಳು — ಬಸ್ಸು ಮಡಂತ್ಯಾರಿನಲ್ಲಿ ನಿಂತಿದೆ, ಕಿಟಕಿಯ ಹೊರಗೆ ಕಬ್ಬಿಣದ ಅಂಗಡಿಯವನು ಸಲಾಕೆಗಳನ್ನು ನೆಲಕ್ಕೆ ಒಗೆಯುತ್ತಾನೆ, ಝಣ್ ಝಣ್ — ಹನೀಫಾ ಕೇಳಲಿ ಎಂದೇ ಬಿಟ್ಟದ್ದು. ಹನೀಫಾ ಎಂದಲ್ಲ, ಯಾರಾದರೂ, ದಮ್ಮಾಮಿನ ಒಂದು ಕೋಣೆಯಲ್ಲಿ ಯಾರಾದರೂ ಒಬ್ಬ ಮನುಷ್ಯ ಆ ಗಂಟೆಯನ್ನು ಕೇಳಿ, ಅರೆ ಇದೇನಿದು, ಎಷ್ಟು ಚಂದ ಉಂಟು, ಎಂದುಕೊಳ್ಳಲಿ, ಅಷ್ಟೇ ಸಣ್ಣ ಆಸೆ, ಅಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಬೆಲೆಯಾ. ಹದಿನೈದು ದಿನದ ಹಿಂದೆ ಜುಲೈಕಾ ಬಂದು ಅಡುಗೆಮನೆಯ ಕತ್ತಲ ಮೂಲೆಯಲ್ಲಿ ನಿಂತು ಕೇಳಿದಳು, ಜಸ್ನಾ, ನಾನು ಮಾತಾಡುವಾಗ ಕಿಟಕಿಯ ಹತ್ತಿರ ಯಾರಾದರೂ ಇದ್ದರಾ, ನೀನು ಅಂಗಳದಲ್ಲಿ ಇದ್ದೆಯಲ್ಲ, ನೆನಪು ಮಾಡಿಕೋ. ಆಗಲೇ ಹೇಳಬೇಕಿತ್ತು. ನಾಲಿಗೆ ಎದ್ದದ್ದು, ಗೊತ್ತಿಲ್ಲ ಮಾರಾಯ್ತಿ, ಎಂದು ಹೇಳಲಿಕ್ಕೆ. ಜುಲೈಕಾ ತಲೆಯಾಡಿಸಿದಳು, ಆಮೇಲೆ ತನ್ನನ್ನೇ ಕೇಳಿಕೊಳ್ಳುವ ಹಾಗೆ, ಯಾರೋ ಇದ್ದರೋ ಏನೋ, ನನಗೇ ಗೊತ್ತಾಗಲಿಲ್ಲವೋ ಏನೋ, ಎಂದಳು. ಅವತ್ತಿನಿಂದ ಅವಳು ಕಿಟಕಿ ಮುಚ್ಚಿಯೇ ಮಲಗುತ್ತಾಳಂತೆ. ನಫೀಸಮ್ಮ ಈಗ ಜಸ್ನಾಳ ಕಿವಿಯ ಹತ್ತಿರ ಬಾಗಿ ಹೇಳುತ್ತಾರೆ, ನನಗೆ ಗೊತ್ತುಂಟು ಮಗಳೇ, ಅದು ಮನುಷ್ಯನ ಸ್ವರ ಅಲ್ಲ, ಜಿನ್ನ್, ನಿಮ್ಮ ಮನೆಯ ಹಿಂದಿನ ತಾಳೆಮರದಲ್ಲಿ ಉಂಟು ಅಂತ ಮೊದಲೇ ಹೇಳ್ತಿದ್ದರು, ನೀನು ಸಹ ಹಾಗೇ ಹೇಳು, ಜಮಾತಿನ ಹಾಜಿಯಾರು ನಂಬ್ತಾರೆ. ಜಿನ್ನ್. ಜಸ್ನಾಳ ಎದೆಯಲ್ಲಿ ಒಂದು ಬಾಗಿಲು ತೆರೆದ ಹಾಗಾಯಿತು. ಹೌದು ಎಂದುಬಿಟ್ಟರೆ, ನಾನೂ ಒಮ್ಮೆ ಕೇಳಿದ್ದೇನೆ ಎಂದುಬಿಟ್ಟರೆ, ಹೆವಿ ಮೆಟಲ್ ಇಲ್ಲ, ಪೆಟ್ಟಿಗೆ ಇಲ್ಲ, ಯಾರೂ ಅವಳ ಮುಖಕ್ಕೆ ಥೂ ಎನ್ನುವುದಿಲ್ಲ, ಶೈತಾನನ ಹಾಡು ಕೇಳುವ ಹುಡುಗಿ ಎಂದು ಓಣಿ ಬೊಟ್ಟು ಮಾಡುವುದಿಲ್ಲ, ನಿಝಾಮಿಗೆ ಫೋನು ಹೋಗುವುದಿಲ್ಲ. ಆದರೆ ಜಿನ್ನ್ ಹಿಡಿದ ಹೆಂಗಸಾಗಿ ಜುಲೈಕಾ ಎಲ್ಲಿಗೆ ಹೋಗುವುದು, ಆ ಮನೆಯಲ್ಲಿ ಅವಳ ಕೈಯಿಂದ ನೀರು ಕುಡಿಯುವವರು ಯಾರು, ಈ ಮಗುವನ್ನು ಅವಳ ಹತ್ತಿರ ಮಲಗಲು ಬಿಡುವವರು ಯಾರು? ನೋಡುವ ನಫೀಸಮ್ಮ, ಎಂದಳು. ಗುರುವಾಯನಕೆರೆ ದಾಟಿತು, ಕೈಬೆರಳಿನಲ್ಲಿ ಇನ್ನೂ ನಿನ್ನೆಯ ಹೊಗೆಸೊಪ್ಪಿನ ವಾಸನೆ.

ಬೆಳ್ತಂಗಡಿಯ ಮನೆ, ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹನೀಫಾನ ಉಮ್ಮ ಅವ್ವಮ್ಮ ಬಾಗಿಲಿಗೆ ಬಂದು ಆಫ್ರಾಳನ್ನು ಕಸಿದುಕೊಂಡ ಹಾಗೆ ಎತ್ತಿಕೊಂಡರು, ಸೊಸೆಯ ಮುಖ ನೋಡಲಿಲ್ಲ, ಜುಲೈಕಾಳನ್ನು ಪರದೆಯ ಆಚೆ ಕೂರಿಸಿದರು, ಜಸ್ನಾಳನ್ನು ಈಚೆ, ಕಂಬದ ಪಕ್ಕ ನಿಲ್ಲಿಸಿದರು, ಅವಳ ಬೆನ್ನ ಹಿಂದೆ ಗೋಡೆ, ತಣ್ಣಗಿನ ಗೋಡೆ. ಸುಲೈಮಾನ್ ಹಾಜಿ ಜಮಾತಿನ ಹಿರಿಯರು, ಮೆಲ್ಲಗೆ ಮಾತಾಡುವವರು, ಮೆಲ್ಲಗೆ ಮಾತಾಡುವವರ ಮುಂದೆ ಸುಳ್ಳು ಹೇಳುವುದು ಇನ್ನೂ ಕಷ್ಟ. ರೆಕಾರ್ಡ್ ಮಾಡಿದ್ದು ನೀನಾ ಮಗಳೇ? ಹೌದು. ಆಗ ಕೋಣೆಯಲ್ಲಿ ಯಾರಿದ್ದರು? ಜುಲೈಕಾ ಒಬ್ಬಳೇ. ನೀನು? ನಾನು ಹೊರಗಿದ್ದೆ. ಹಾಗಾದರೆ ಒಬ್ಬಳೇ ಇದ್ದಳು ಅಂತ ನೀನು ಹೇಗೆ ಹೇಳ್ತೀ? ಅದೇ, ಅದಕ್ಕೇ ಅವಳು ಹದಿನೈದು ದಿನದಿಂದ ಹೆದರುತ್ತಿದ್ದದ್ದು, ಅವಳ ಮಾತಿಗೆ ಬೆಲೆಯೇ ಇಲ್ಲ, ಅವಳ ಒಳ್ಳೆಯ ನಿಯಮವೇ ಅವಳ ಬಾಯಿ ಕಟ್ಟಿದೆ. ಹನೀಫಾ ಅಷ್ಟು ಹೊತ್ತು ನೆಲ ನೋಡುತ್ತಿದ್ದ, ಸಿಟ್ಟಿನ ಮನುಷ್ಯ ಎಂದುಕೊಂಡಿದ್ದಳು, ಅವನ ಕಣ್ಣು ನಿದ್ರೆ ಇಲ್ಲದೆ ಊದಿತ್ತು, ಅವನೂ ಅತ್ತಿದ್ದಾನೆ. ಹೆಂಡತಿಯ ಕಾಗದ, ಯಾರಿಗೂ ಕೇಳಿಸುವಂಥದ್ದಲ್ಲ ಹಾಜಿಯಾರೇ, ನಮ್ಮ ಉಮ್ಮನಿಗೂ ಕೇಳಿಸಲಿಲ್ಲ, ನಾನು ಎರಡು ಸಲ ಕೇಳಿದ್ದೇನೆ, ಅವನು ಬಾಯಿ ತೆರೆಯುವಲ್ಲಿಗೆ ನಿಲ್ಲಿಸಿದ್ದೇನೆ, ಮುಂದೆ ಅವನೇನು ಹೇಳ್ತಾನೆ ಅಂತ ಕೇಳುವ ಶಕ್ತಿ ನನಗಿಲ್ಲ, ಇವತ್ತು ಕೊನೆಯ ಮಾತಷ್ಟೇ ಹಾಕಿ ಅಲ್ಲಿಗೇ ನಿಲ್ಲಿಸ್ತೇನೆ, ಆಮೇಲೆ ನನಗೆ ಹೇಳಲಿಕ್ಕಿರುವುದನ್ನು ಹೇಳಿಬಿಡ್ತೇನೆ, ಎಂದ. ಒಳಗಿನಿಂದ ಟೇಪ್ ರೆಕಾರ್ಡರ್ ತಂದು ಸ್ಟೂಲಿನ ಮೇಲಿಟ್ಟ, ಹಳೆಯದು, ಮುಚ್ಚಳ ಮುರಿದು ಹೋದದ್ದು, ಕ್ಯಾಸೆಟ್ ಬರಿ ಮೈಯಲ್ಲಿ ಕಾಣುತ್ತದೆ. ಮೂಲೆಯಲ್ಲಿ ಅದು, ಕಂದು ಹಲ್ಲು. ಮೂರು ತಿಂಗಳು, ಎರಡು ಸಲ ಸಮುದ್ರ, ಒಣಗಿ ಅಂಚು ಸ್ವಲ್ಪ ಎದ್ದಿದೆ, ಆದರೂ ಬಿದ್ದಿಲ್ಲ, ಅವಳ ಕೈ ಮಡಚಿದ ನಾಲ್ಕು ಮಡಿಕೆ ಹಾಗೆಯೇ ಉಂಟು.

ಗುಂಡಿ ಕೂತಿತು. ಜುಲೈಕಾಳ ಸ್ವರ, ಎಷ್ಟು ಚೆನ್ನಾಗಿ ಹಿಡಿದಿದೆ ಈ ಟೇಪು, ಪಕ್ಕದಲ್ಲೇ ಕೂತ ಹಾಗೆ, ಜಸ್ನಾಳಿಗೆ ಅಲ್ಲೂ ಅದೇ ಹೊಳೆಯುತ್ತದೆ, ನಾಚಿಕೆಯಾಗುತ್ತದೆ — ಆಫ್ರಾ ಮೊನ್ನೆ ಬೋರಲು ಬಿದ್ದಳು, ನಿಮ್ಮ ಅಂಗಿಯನ್ನು ಅವಳ ತೊಟ್ಟಿಲಿಗೆ ಹಾಸಿದ್ದೇನೆ, ಇಲ್ಲಿ ಯಾರೂ ಇಲ್ಲ, ಜಸ್ನಾ ಸಹ ಹೊರಗೆ ಹೋಗಿದ್ದಾಳೆ, ಅದಕ್ಕೇ ಧೈರ್ಯ ಮಾಡಿ ಹೇಳ್ತೇನೆ, ನನಗೆ ನೀವಿಲ್ಲದೆ ಆಗುವುದಿಲ್ಲ, ಬೇಗ ಬನ್ನಿ. ಸಲಾಮ್. ಪರದೆಯ ಆಚೆ ಬಳೆಯ ಸದ್ದು. ಆಮೇಲೆ ಸುಂಯ್ ಎನ್ನುವ ಖಾಲಿ ಟೇಪು, ಅರ್ಧ ನಿಮಿಷ, ಹನೀಫಾನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಕಾಯುತ್ತಿದೆ, ಗಾಳಿ ಇಲ್ಲ, ಹೇಳು ಜಸ್ನಾ, ಈಗ ಹೇಳು, ಹೇಳಿದರೆ ಎಲ್ಲ ಹೋಗುತ್ತದೆ, ಪೆಟ್ಟಿಗೆ, ಮರ್ಯಾದೆ, ಅಣ್ಣ, ಓಣಿಯ ಹೆಂಗಸರು ಇನ್ನು ಬರುವುದಿಲ್ಲ, ಹೇಳದಿದ್ದರೆ — ಒಂದು ಉಸಿರು. ಹಾಜಿಯಾರ ತಲೆ ಮೇಲೆದ್ದಿತು. ಎರಡು. ಅವ್ವಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮೂರು. ಬೆರಳು ಕೆಳಗಿಳಿಯುತ್ತಿದೆ, ನಿಲ್ಲಿಸಬೇಡಿ, ಯಾರ ಸ್ವರ ಇದು, ಇಷ್ಟು ಗಟ್ಟಿ, ತನ್ನದೇ, ನಿಲ್ಲಿಸಬೇಡಿ, ಅದು ನನ್ನದು, ಅದು ಹಾಡು, ನಾನು ಕೇಳುವ ಹಾಡು, ಅಳಿಸದೆ ಬಿಟ್ಟವಳು ನಾನು, ಖಾಲಿ ಕ್ಯಾಸೆಟ್ಟಿಗೆ ಆ ಮೂಲೆಯಲ್ಲಿ ಎಲೆ ಬೇಕಾಗುವುದಿಲ್ಲ ಹಾಜಿಯಾರೇ, ನೋಡಿ, ಅಡಿಯಲ್ಲಿ ಹಾಡು ಇದ್ದದ್ದಕ್ಕೇ ಎಲೆ ತುರುಕಿದ್ದು. ನಾಲ್ಕು. ಪಿಸುಮಾತು ಶುರುವಾಯಿತು, ಹನೀಫಾನ ಮುಖ ಸುಣ್ಣದಂತಾಯಿತು, ಬೆರಳು ಗುಂಡಿಯ ಮೇಲೆಯೇ ಉಂಟು, ಒತ್ತಲಿಲ್ಲ, ಅವಳು ನಿಲ್ಲಿಸದೆ ಹೇಳುತ್ತಲೇ ಹೋದಳು, ಈಗ ಅವನು ಒಂದು ಸಲ ಉಗುಳು ನುಂಗುತ್ತಾನೆ, ಆಮೇಲೆ ಗಂಟೆ, ಮೂರು ಸಲ, ಮೂರನೆಯದು ಒಡಕು, ಒಡಕಿನ ಹಿಂದೆಯೇ ಗಿಟಾರು, ಡ್ರಮ್ಮು ಬೀಳುವುದು ತುಂಬ ನಿಧಾನ, ನೋಡಿ ಬೇಕಾದರೆ, ನನಗೆ ಬಾಯಿಪಾಠ ಉಂಟು.

ಟೇಪಿನವನು ಉಗುಳು ನುಂಗಿದ. ಗಂಟೆ. ಮತ್ತೆ ಗಂಟೆ, ಹನೀಫಾ ಕುರ್ಚಿಯ ಕೈ ಹಿಡಿದುಕೊಂಡಿದ್ದಾನೆ, ಒಡಕು ಗಂಟೆ, ಗಿಟಾರು ನೆಲದೊಳಗಿನಿಂದ ಎದ್ದು ಬಂತು, ಯಾ ಅಲ್ಲಾಹ್ ಎಂದು ಅವ್ವಮ್ಮ ಆಫ್ರಾಳ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿದರು, ನಫೀಸಮ್ಮನ ಮಣಿ ನಿಂತಿತು, ಹನೀಫಾನ ಬಾಯಿಯಿಂದ ಬಂದದ್ದು ನಗುವೋ ಅಳುವೋ, ಅವನು ಮುಖ ಮುಚ್ಚಿಕೊಂಡು ಬಾಗಿದ, ಉಳಿಯಿತು, ಸಂಸಾರ ಉಳಿಯಿತು, ಎಂದು ಜಸ್ನಾ ಉಸಿರು ಬಿಡುವಷ್ಟರಲ್ಲಿ ಪರದೆ ಸರಿಯಿತು. ಜುಲೈಕಾ. ಅವಳು ಗಂಡನನ್ನು ನೋಡಲಿಲ್ಲ, ಮಗುವನ್ನು ನೋಡಲಿಲ್ಲ, ನೆಟ್ಟಗೆ ಕಂಬದ ಕಡೆ ನೋಡಿದಳು, ಆ ಹತ್ತಿಯಂಥ ಸ್ವರದಲ್ಲೇ ಕೇಳಿದಳು, ಹದಿನೈದು ದಿನದಿಂದ ನಿನಗೆ ಗೊತ್ತಿತ್ತಾ? ಹೌದು ಎನ್ನಬೇಕು, ಇಲ್ಲ ಎನ್ನಬೇಕು, ಹೆದರಿಕೆ ಎನ್ನಬೇಕು, ಕಿಟಕಿ ಮುಚ್ಚಿ ಮಲಗಿದ ಹದಿನೈದು ರಾತ್ರಿ, ಯಾರೋ ಇದ್ದರೋ ಏನೋ, ನನಗೇ ಗೊತ್ತಾಗಲಿಲ್ಲವೋ ಏನೋ, ಆ ಮಾತಿಗೆ ಉತ್ತರ ಯಾವ ಟೇಪಿನಲ್ಲಿ ಉಂಟು, ಯಾರ ಮುಖವನ್ನೂ ನೋಡಲಾಗದು, ನೋಡುವುದಕ್ಕೆ ಸ್ಟೂಲಿನ ಮೇಲಿನ ಅದೊಂದೇ ಉಳಿದಿದೆ, ಡ್ರಮ್ಮು ಬಿತ್ತು, ಮೂಲೆಯ ಎಲೆ ಅದುರಿತು, ಮತ್ತೆ ಬಹಳ ಹೊತ್ತು ಏನೂ ಇಲ್ಲ, ಡ್ರಮ್ಮು ಬಿತ್ತು, ಎಲೆ ಅದುರಿತು, ನಾಲ್ಕು ಮಡಿಕೆಯ ಎಲೆ, ಅವಳ ಕೈಯಲ್ಲೇ ಮಡಚಿದ ಎಲೆ.